ತಲೆಕೆಳಗಾಗಿ ಅಂಟಿದವು

ಇವತ್ತಿಗೂ ಯಾರಾದರೂ ಒಂದು ಕೆಲಸವನ್ನು ಅರೆಬರೆ ಮಾಡಿ, "ಅಂಟೇತಲ್ಲ, ಸಾಕು ಬಿಡ್ರಿ" ಎಂದರೆ ನನ್ನ ಮೈ ಉರಿಯುತ್ತದೆ. ಗೋಡೆಗೆ ಕ್ಯಾಲೆಂಡರ್ ಅಂಟಿಸುವವರು ಹೇಳಿದರೂ ಅಷ್ಟೇ, ಚಪ್ಪಲಿಯ ಅಟ್ಟೆ ಅಂಟಿಸುವವರು ಹೇಳಿದರೂ ಅಷ್ಟೇ. ಎದುರಿಗಿದ್ದವರಿಗೆ ಈ ಹೆಂಗಸಿಗೆ ಇದ್ದಕ್ಕಿದ್ದ ಹಾಗೆ ಏನಾಯಿತು ಎಂದು ತಿಳಿಯುವುದಿಲ್ಲ. ನಮ್ಮ ಮನೆಯವರಿಗೆ ತಿಳಿಯುತ್ತದೆ, ಅವರು ಸದ್ದಿಲ್ಲದೆ ಎದ್ದು ಒಳಗೆ ಹೋಗುತ್ತಾರೆ.

ಆ ಮಾತನ್ನು ನಾನು ಮೊದಲು ಕೇಳಿದ್ದು ರಾಣೆಬೆನ್ನೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ, ಎರಡು ಸಾವಿರದ ಐದೋ ಆರೋ ಇಸವಿಯಲ್ಲಿ. ಧಾರವಾಡದಲ್ಲಿ ಜೀವರಸಾಯನ ಶಾಸ್ತ್ರ ಓದಿ, ಎಂ.ಎಸ್ಸಿ. ಪದವಿ ಹಿಡಿದುಕೊಂಡು ಹಾವೇರಿಯ ಮನೆಗೆ ಬಂದು ಕುಳಿತಿದ್ದೆ. ಬೀಜದ ವ್ಯಾಪಾರದಲ್ಲಿ ಪಳಗಿದ್ದ ಒಬ್ಬರು ರಾಣೆಬೆನ್ನೂರಿನಲ್ಲಿ ತಮ್ಮ ಗೋದಾಮಿನ ಮೇಲಿನ ಎರಡು ಕೋಣೆಗಳಿಗೆ ಬಿಳಿ ಸುಣ್ಣ ಹೊಡೆಸಿ, ಬಾಗಿಲಿಗೆ ಗಾಜು ಹಾಕಿಸಿ, ಪರೀಕ್ಷಾ ಕೇಂದ್ರ ತೆರೆದಿದ್ದರು. ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಹೊರದೇಶದ ಕೊಳ್ಳುವವರು ಪರೀಕ್ಷೆಯ ಕಾಗದವಿಲ್ಲದೆ ಬ್ಯಾಡಗಿ ಮೆಣಸಿನಕಾಯಿಯನ್ನು ಮುಟ್ಟುವುದಿಲ್ಲ ಎನ್ನತೊಡಗಿದ್ದ ಕಾಲ ಅದು. ಆ ಕಾಗದ ಬರೆಯುವವಳು ನಾನು. ದಿನಾ ಬೆಳಗ್ಗೆ ಹಾವೇರಿಯಿಂದ ಬಸ್ಸು ಹತ್ತಿ, ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯವರು ಇಳಿದ ಮೇಲೆ ಸಿಕ್ಕ ಸೀಟಿನಲ್ಲಿ ಕುಳಿತು, ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ರಾಣೆಬೆನ್ನೂರು ತಲುಪುತ್ತಿದ್ದೆ.

ಪರೀಕ್ಷೆ ಯಾವುದಕ್ಕೆ ಎಂದು ಹೇಳಬೇಕು. ಒಣಗಿದ ಮೆಣಸಿನಕಾಯಿ ತೇವ ಕುಡಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ. ಬ್ಯಾಡಗಿಯಲ್ಲಿ ತೇವ ಹೇಗೆ ಬರುತ್ತದೆ ಎನ್ನುವುದು ಮಕ್ಕಳಿಗೂ ಗೊತ್ತಿತ್ತು. ಬಿಸಿಲೇರಿದ ಮೇಲೆ ಕಾಯಿ ಗರಿಗರಿಯಾಗಿ, ತೊಟ್ಟು ಬಿಡಿಸುವಾಗ ಒಡೆದು ಬೀಜ ಚೆಲ್ಲುತ್ತದೆ. ಒಂದಿಷ್ಟು ನೀರು ಚಿಮುಕಿಸಿದರೆ ಮೆತ್ತಗಾಗಿ ತೊಟ್ಟು ಸಲೀಸಾಗಿ ಬರುತ್ತದೆ, ಕೆಲಸ ಬೇಗ ಸಾಗುತ್ತದೆ, ತೂಕವೂ ನಿಲ್ಲುತ್ತದೆ. ಇದಕ್ಕೆ ನೀರು ಹೊಡೆಯುವುದು ಎನ್ನುತ್ತಾರೆ. ಮಾಡುವವರು ಬಹಳ, ಮಾಡುತ್ತೇನೆ ಎಂದು ಒಪ್ಪುವವರು ಯಾರೂ ಇಲ್ಲ.

ನಮ್ಮ ಚಿಗವ್ವ, ಅಂದರೆ ಅಪ್ಪನ ತಮ್ಮನ ಹೆಂಡತಿ, ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುವ ಒಂದು ಶೆಡ್ಡು ನಡೆಸುತ್ತಿದ್ದಳು. ಹೊಸರಿತ್ತಿ ಕಡೆಯ ರೈತರಿಂದ ಕಾಯಿ ತರಿಸಿ, ತೊಟ್ಟು ಬಿಡಿಸಿ, ಹೊರದೇಶಕ್ಕೆ ಕಳಿಸುವ ಕಂಪನಿಗೆ ಕೊಡುತ್ತಿದ್ದಳು. ನೀರು ಹೊಡೆಯುವವರನ್ನು ಕಂಡರೆ ಅವಳಿಗೆ ಕೆಂಡದಂಥ ಸಿಟ್ಟು. ಅವಳ ಹೆಂಗಸರು ನಸುಕಿನಲ್ಲಿ ಬರುತ್ತಿದ್ದರು. ಬೆಳಗಿನ ತಂಪಿಗೆ ಕಾಯಿ ತಾನಾಗಿ ಮೆತ್ತಗಿರುವಾಗಲೇ ಕೆಲಸ ಮುಗಿಸಬೇಕು. ಬಿಸಿಲು ಶೆಡ್ಡಿನ ಹೊಸ್ತಿಲು ದಾಟಿತೋ, ಕೆಲಸ ಬಂದ್. ಕುಡಿಯುವ ನೀರಿನ ಕೊಡವನ್ನು ಕೂಡ ಒಳಗೆ ಇಡಗೊಡುತ್ತಿರಲಿಲ್ಲ, ಬೇಕಾದವರು ಎದ್ದು ಹೊರಗಿನ ಬೇವಿನ ಗಿಡದ ಕೆಳಗೆ ಹೋಗಿ ಕುಡಿಯಬೇಕು.

ಆ ಹೆಂಗಸರಿಗೆಲ್ಲ ಒಬ್ಬಳು ಹಿರಿಯಾಳು ಇದ್ದಳು. ಕುಪ್ಪೇಲೂರಿನ ಹೆಣ್ಣುಮಗಳು, ಗಂಡ ತೀರಿದ ಮೇಲೆ ಬ್ಯಾಡಗಿಗೆ ಬಂದು ಹನ್ನೆರಡು ವರ್ಷ ಚಿಗವ್ವನ ಶೆಡ್ಡಿನಲ್ಲೇ ದುಡಿದವಳು. ಚಿಗವ್ವನಿಗಿಂತ ಅವಳದೇ ಕಟ್ಟುನಿಟ್ಟು ಹೆಚ್ಚು. ಒಮ್ಮೆ ನಾನು ಒದ್ದೆ ಕೈಯಲ್ಲಿ ಮೆಣಸಿನಕಾಯಿ ರಾಶಿ ಮುಟ್ಟಲು ಹೋದಾಗ, "ಕೈ ಒರಸ್ಕೊಂಡು ಬಾರವಾ ತಂಗಿ, ಕಲತಾಕಿ ಅಂತ ನಿನಗೊಂದು ಬ್ಯಾರೆ ಕಾಯ್ದೆ ಇಲ್ಲ" ಎಂದು ಎಲ್ಲರೆದುರು ಗದರಿಸಿದ್ದಳು. ನಾನು ಸೀರೆಯ ಸೆರಗಿಗೆ ಕೈ ಒರೆಸಿಕೊಂಡಿದ್ದೆ.

ಇನ್ನು ನಮ್ಮ ಪ್ರಯೋಗಾಲಯದ ಕಥೆ. ವಿಷ ಹಿಡಿಯಲು ನಾವು ಬಳಸುತ್ತಿದ್ದದ್ದು ಪ್ರತಿಕಾಯ. ನಮ್ಮ ಮೈಯಲ್ಲಿ ರೋಗ ಬಂದಾಗ ಅದನ್ನು ಹಿಡಿಯಲು ಹುಟ್ಟುತ್ತವಲ್ಲ, ಅದೇ ಜಾತಿಯವು. ಅಡಿಗೆ ಮನೆಯ ಇಕ್ಕಳ ನೆನೆಸಿಕೊಳ್ಳಿ. ಒಂದು ತುದಿಗೆ ಹಿಡಿ, ಇನ್ನೊಂದು ತುದಿಗೆ ಬಾಯಿ. ಪ್ರತಿಕಾಯವೂ ಹೆಚ್ಚುಕಡಿಮೆ ಹಾಗೆಯೇ, ಒಂದು ಕಾಲು, ಎರಡು ತೋಳು, ತೋಳಿನ ತುದಿಯಲ್ಲಿ ವಿಷವನ್ನು ಕಚ್ಚಿಕೊಳ್ಳುವ ಬಾಯಿ. ಇವನ್ನು ಗುಳಿಗುಳಿಯಾದ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಅಂಟಿಸುತ್ತಾರೆ. ಆಮೇಲೆ ಮೆಣಸಿನಕಾಯಿಯ ರಸವನ್ನೂ, ಬಣ್ಣ ಬರಿಸುವ ಇನ್ನೊಂದು ಪದಾರ್ಥವನ್ನೂ ಒಟ್ಟಿಗೆ ಹಾಕುತ್ತಾರೆ. ವಿಷವೂ ಬಣ್ಣದ ಪದಾರ್ಥವೂ ಅದೇ ಬಾಯಿಗಾಗಿ ಜಗಳಾಡುತ್ತವೆ. ವಿಷ ಇದ್ದರೆ ಅದು ಜಾಗ ಹಿಡಿಯುತ್ತದೆ, ಬಣ್ಣ ಪೇಲವವಾಗುತ್ತದೆ. ವಿಷ ಇಲ್ಲದಿದ್ದರೆ ಗುಳಿ ಗಾಢ ಹಳದಿ. ಬಣ್ಣ ಕಡಿಮೆ ಬಂದಷ್ಟೂ ವಿಷ ಹೆಚ್ಚು ಎಂದು ಲೆಕ್ಕ. ಇದನ್ನು ನೆನಪಿಡಿ, ನನ್ನ ಪಾಪವೆಲ್ಲ ಇಲ್ಲೇ ಇದೆ.

ಮೊದಲು ತಟ್ಟೆಗಳು ಹೊರಗಿನಿಂದ ಸಿದ್ಧವಾಗಿ ಬರುತ್ತಿದ್ದವು. ಆ ತಟ್ಟೆಗಳಲ್ಲಿ ಯಾವ ಬಣ್ಣಕ್ಕೆ ಎಷ್ಟು ವಿಷ ಎಂದು ಒಮ್ಮೆ ಅಳೆದು, ಒಂದು ಚಾರ್ಟು ಮಾಡಿ, ಗೋಡೆಗೆ ಅಂಟಿಸಿದ್ದೆವು. ಆಮೇಲೆ ಸಾಹೇಬರಿಗೆ ಸಿದ್ಧ ತಟ್ಟೆ ದುಬಾರಿ ಎನಿಸಿತು. ಖಾಲಿ ತಟ್ಟೆ ತರಿಸಿ, ಪ್ರತಿಕಾಯ ಬೇರೆ ತರಿಸಿ, ನಾವೇ ಅಂಟಿಸೋಣ ಎಂದರು. ಪ್ರತಿಕಾಯವನ್ನು ನೀರಿನಲ್ಲಿ ಕರಗಿಸಿ ನೇರವಾಗಿ ಪ್ಲಾಸ್ಟಿಕ್ಕಿಗೆ ಸುರಿಯುವುದು, ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಡುವುದು, ತೊಳೆಯುವುದು. ಮುಗಿಯಿತು.

ನನಗೆ ಗೊತ್ತಿತ್ತು. ಇದೇ ನನ್ನ ಹೊಟ್ಟೆ ಸುಡುವ ಮಾತು, ನನಗೆ ಗೊತ್ತಿತ್ತು. ಬರೀ ಪ್ಲಾಸ್ಟಿಕ್ಕಿಗೆ ಸುರಿದರೆ ಪ್ರತಿಕಾಯಗಳು ಹೇಗೆ ಬಿದ್ದವೋ ಹಾಗೆ ಅಂಟುತ್ತವೆ. ಕೆಲವು ಮಲಗಿಕೊಂಡು, ಕೆಲವು ತಲೆಕೆಳಗಾಗಿ. ಇಕ್ಕಳದ ಬಾಯಿಯೇ ಗೋಡೆಗೆ ಅಂಟಿಕೊಂಡರೆ ಪಾತ್ರೆ ಹಿಡಿಯುವುದು ಯಾವುದರಿಂದ? ಅದಕ್ಕೆ ದಾರಿ ಇದೆ. ಪ್ರತಿಕಾಯದ ಕಾಲನ್ನು ಮಾತ್ರ ಹಿಡಿಯುವ ಒಂದು ಪ್ರೋಟೀನು ಸಿಗುತ್ತದೆ. ಅದನ್ನು ಮೊದಲು ತಟ್ಟೆಗೆ ಬಳಿದು, ಅದರ ಮೇಲೆ ಪ್ರತಿಕಾಯ ಹಾಕಿದರೆ, ಕಾಲು ಕೆಳಗೆ, ಬಾಯಿ ಮೇಲೆ, ಬಹಳಷ್ಟು ನೆಟ್ಟಗೆ ನಿಲ್ಲುತ್ತವೆ. ಧಾರವಾಡದಲ್ಲಿ ನಮ್ಮ ಗುರುಗಳು ಇದನ್ನು ಕೈ ಹಿಡಿದು ಕಲಿಸಿದ್ದರು. ಸಾಹೇಬರಿಗೆ ಹೇಳಿದೆ. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ತೊಳದ್ರೂ ಹೋಗಿಲ್ಲ ಅಂದ್ರಿ. ಅಂಟೇತಿಲ್ಲೋ?"

"ಅಂಟೇತ್ರಿ ಸರ್. ಆದ್ರ ಹ್ಯಾಂಗ ಅಂಟೇತಿ ಅನ್ನೂದ..."

"ಅಂಟೇತಿ ಅಂದ ಮ್ಯಾಲ ಆತಲ್ರಿ ಮೇಡಮ್ಮಾರ. ಅದು ಕುಂತೈತೋ ಮಲಗೇತೋ ಅಂತ ನೋಡ್ಕೋತ ಕುಂದ್ರಾಕ, ಬೀಗರನ್ನೇನ್ ಕರದೇವಿ?"

ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗುವಿಗಾಗಿ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎಂದು ಎಷ್ಟು ಸಲ ಅನಿಸಿದೆಯೋ. ಕೊನೆಗೆ, ಪ್ರತಿ ತಟ್ಟೆಯಲ್ಲೂ ವಿಷವಿಲ್ಲದ್ದು ಒಂದು, ಗೊತ್ತಿದ್ದಷ್ಟು ವಿಷ ಹಾಕಿದ್ದು ಕೆಲವು, ಹೀಗೆ ಹೋಲಿಕೆಗೆ ಕೆಲವು ಗುಳಿಗಳನ್ನಾದರೂ ಬಿಡೋಣ ಎಂದೆ. ಗೋಡೆಯ ಮೇಲೆ ಚಾರ್ಟು ಇರುವಾಗ ಗುಳಿ ಯಾಕೆ ಹಾಳು ಮಾಡುತ್ತೀರಿ ಎಂದರು. ನಾನು ಹಳೆಯ ತಟ್ಟೆಯ ಚಾರ್ಟಿನಿಂದ ಹೊಸ ತಟ್ಟೆಯ ಬಣ್ಣ ಓದುತ್ತ, ವರದಿ ಬರೆಯುತ್ತ, ಕೆಳಗೆ ಚೆಂದದ ಅಕ್ಷರದಲ್ಲಿ ಸಹಿ ಹಾಕುತ್ತ ಹೋದೆ. ಮಾದರಿಗಳು ಬರೀ ನಂಬರಿನ ಮೇಲೆ ಬರುತ್ತಿದ್ದವು, ಯಾರ ಕಾಯಿ ಎಂದು ನಮಗೆ ಗೊತ್ತಿರುತ್ತಿರಲಿಲ್ಲ. ಆ ಹಂಗಾಮಿನಲ್ಲಿ ವಿಷ ಹೆಚ್ಚಿದೆ ಎಂದು ಬರೆದದ್ದು ಬಹಳ. ಈ ಸಲ ಎಲ್ಲರೂ ನೀರು ಹೊಡೆದಿದ್ದಾರೆ ಎಂದು ಸಾಹೇಬರು ಬೇಸರ ಪಟ್ಟರು. ನಾನೂ ತಲೆಯಾಡಿಸಿದೆ.

ಒಂದು ರವಿವಾರ ಬ್ಯಾಡಗಿಗೆ ಚಿಗವ್ವನ ಮನೆಗೆ ಹೋದೆ. ಶೆಡ್ಡಿನಲ್ಲಿ ಹಿರಿಯಾಳು ಇರಲಿಲ್ಲ. ಉಳಿದ ಹೆಂಗಸರು ತಲೆ ಎತ್ತದೆ ತೊಟ್ಟು ಬಿಡಿಸುತ್ತಿದ್ದರು, ಹರಟೆಯಿಲ್ಲ, ನಗೆಯಿಲ್ಲ. ಎಲ್ಲಿ ಅವಳು ಎಂದು ಕೇಳಿದೆ.

"ಹೊರಗ ಹಾಕೇನಿ," ಅಂದಳು ಚಿಗವ್ವ. "ನೀರು ಹೊಡದಾಳ. ನನ್ನ ಬೆನ್ನಹಿಂದ, ನನ್ನ ಶೆಡ್ಡಿನ್ಯಾಗ. ಕಂಪನಿಯವ್ರು ಮಾಲು ವಾಪಸ್ ಕಳಿಸಿದ್ರು."

"ಆಕಿ ಹೊಡದಾಳ ಅಂತ ನಿನಗ ಹ್ಯಾಂಗ ಗೊತ್ತಾತು?"

"ಮತ್ತ ಯಾರು ಹೊಡಿಬೇಕು? ಕೀಲಿ ಆಕಿ ಕಡೆ ಇರ್ತಿತ್ತು. ಮಕ್ಕಳಾಣಿ ಮಾಡಿದ್ಲು, ಕಾಲು ಹಿಡದ್ಲು. ನಾ ಏನ್ ಮಾಡ್ಲಿ? ಕಾಗದ ಸುಳ್ಳು ಹೇಳ್ತೈತೇನು?" ಎಂದು ಒಳಗೆ ಹೋಗಿ, ದೇವರ ಜಗಲಿಯ ಪಕ್ಕದ ಮಾಡದಿಂದ ಒಂದು ಹಾಳೆ ತಂದು ನನ್ನ ಕೈಗಿಟ್ಟಳು. "ಮೊದಲ ನಾನೂ ನಂಬಿದ್ದಿಲ್ಲ ನೋಡು. ಕೆಳಗ ನಿನ್ನ ಸಹಿ ನೋಡಿದೆ. ನಮ್ಮ ಹುಡುಗಿನ ಬರದಾಳ ಅಂದ ಮ್ಯಾಲ ಖರೇನ ಇರಬೇಕು ಅಂತ ಗಟ್ಟಿ ಮಾಡ್ಕೊಂಡೆ."

ಹೆಮ್ಮೆಯಿಂದಲೇ ಹೇಳಿದಳು. ಚಹಾ ಕೊಟ್ಟಳು, ನಾನು ಕುಡಿಯಲಿಲ್ಲ. ನೀರು ಹೊಡೆಯುವವಳು ಎಂಬ ಮಾತು ಬ್ಯಾಡಗಿಯಲ್ಲಿ ಎಲ್ಲ ಕಡೆ ಹಬ್ಬಿತ್ತಂತೆ. ಬೇರೆ ಯಾವ ಶೆಡ್ಡಿನವರೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲವಂತೆ. ಕೊನೆಗೆ ಮಕ್ಕಳನ್ನು ಕಟ್ಟಿಕೊಂಡು ಕುಪ್ಪೇಲೂರಿಗೆ ಅಣ್ಣನ ಮನೆಗೆ ಹೋದಳಂತೆ.

ಒದ್ದೆ ಕೈ ಮುಟ್ಟಗೊಡದವಳು ನೀರು ಹೊಡೆದಳೇ? ಬಸ್ಸಿನಲ್ಲಿ ಹಾವೇರಿಗೆ ಮರಳುವಾಗ ಇದೊಂದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮರುದಿನ ಎಲ್ಲರಿಗಿಂತ ಮೊದಲು ಪ್ರಯೋಗಾಲಯಕ್ಕೆ ಹೋದೆ. ನಮ್ಮ ಹೊಸ ತಟ್ಟೆಯೊಂದನ್ನು ತೆಗೆದು, ಮೆಣಸಿನಕಾಯಿಯೇ ಇಲ್ಲದ ಬರೀ ದ್ರಾವಣವನ್ನು ಗುಳಿಗಳಿಗೆ ಹಾಕಿದೆ. ಕಾಯಿಲ್ಲ, ಬೂಷ್ಟಿಲ್ಲ, ವಿಷವಿಲ್ಲ. ಗಾಢ ಹಳದಿ ಬರಬೇಕು. ಬಂದದ್ದು ತೆಳ್ಳಗಿನ ಮಜ್ಜಿಗೆಗೆ ಚಿಟಿಕೆ ಅರಿಷಿಣ ಹಾಕಿದಂಥ ಬಣ್ಣ. ಗೋಡೆಯ ಚಾರ್ಟಿನ ಪಕ್ಕ ಹಿಡಿದೆ. ಚಾರ್ಟಿನ ಪ್ರಕಾರ ಆ ಬರೀ ದ್ರಾವಣ ಮನುಷ್ಯರು ತಿನ್ನಲು ಯೋಗ್ಯವಲ್ಲದಷ್ಟು ವಿಷ. ಬಾಯಿ ಮುಚ್ಚಿಹೋದ ಪ್ರತಿಕಾಯಗಳು ವಿಷವನ್ನೂ ಹಿಡಿಯಲಿಲ್ಲ, ಬಣ್ಣವನ್ನೂ ಹಿಡಿಯಲಿಲ್ಲ. ಬಣ್ಣ ಬರಲಿಲ್ಲವಾದ್ದರಿಂದ ವಿಷ ಇದೆ ಎಂದು ನಾನು ಓದಿದೆ. ಏನೂ ಇಲ್ಲದ್ದಕ್ಕೆ ವಿಷ ಎಂದು ಬರೆದು ಸಹಿ ಹಾಕುವವಳಾಗಿದ್ದೆ.

ಸಾಹೇಬರು ಬಂದ ಕೂಡಲೇ ತಟ್ಟೆಯನ್ನು ಅವರ ಮೇಜಿನ ಮೇಲಿಟ್ಟೆ. ಅವರು ಪೆದ್ದರಲ್ಲ. ಒಂದೇ ನೋಟಕ್ಕೆ ತಿಳಿಯಿತು. ಎದ್ದು ಬಾಗಿಲು ಮುಂದೆ ಮಾಡಿದರು.

"ಮುಂದಿನ ತಿಂಗಳಿಂದ ಬೇಕಾದ್ರ ಸಿದ್ಧ ತಟ್ಟೆ ತರಸೂಣು. ಆದದ್ದು ಆತು."

"ಆದದ್ದು ಆತು ಅಂದ್ರ ಹ್ಯಾಂಗ್ರಿ ಸರ್? ಕೊಟ್ಟ ಕಾಗದ ವಾಪಸ್ ತಗೋಬೇಕು."

"ಒಂದು ತಗೊಂಡ್ರ ಎಲ್ಲಾ ತಗೋಬೇಕಾಕ್ಕೈತಿ. ಬಾಗಲ ಹಾಕಿ ಮನಿಗೆ ಹೋಗೂಣೇನು? ಒಂದು ಮಾತು ನೆನಪಿಡ್ರಿ ಮೇಡಮ್ಮಾರ, ಆ ಕಾಗದದ ಮ್ಯಾಲ ನನ್ನ ಸಹಿ ಇಲ್ಲ."

ಅದು ನಿಜ. ಅವರ ಸಹಿ ಒಂದು ಕಾಗದದ ಮೇಲೂ ಇರಲಿಲ್ಲ. ಅವರು ಯಾವತ್ತೂ ಸಹಿ ಹಾಕುವ ಕುರ್ಚಿಯಲ್ಲಿ ಕೂರುತ್ತಲೇ ಇರಲಿಲ್ಲ. ನನಗೆ ಬಂದ ಸಿಟ್ಟಿಗೆ ಆ ತಟ್ಟೆಯನ್ನು ಅವರ ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅದು ನನ್ನ ಸಾಕ್ಷಿಯಾಗಿತ್ತು. ಪರೀಕ್ಷೆ ಮಾಡಿ ಉಳಿದ ಮೆಣಸಿನಪುಡಿಯ ಪೊಟ್ಟಣಗಳನ್ನು ನಾವು ಕಪಾಟಿನಲ್ಲಿ ಇಡುತ್ತಿದ್ದೆವು. ಚಿಗವ್ವನ ಕಾಗದದ ಮೇಲಿದ್ದ ನಂಬರಿನ ಪೊಟ್ಟಣವನ್ನೂ, ಪ್ರತಿಕಾಯದ ಒಂದು ಸಣ್ಣ ಶೀಸೆಯನ್ನೂ ಎಲ್ಲರ ಕಣ್ಣೆದುರೇ ಚೀಲಕ್ಕೆ ಹಾಕಿಕೊಂಡು ಧಾರವಾಡದ ಬಸ್ಸು ಹತ್ತಿದೆ. ಆಮೇಲೆ ಆ ಗೋದಾಮಿನ ಮೆಟ್ಟಿಲು ಹತ್ತಲಿಲ್ಲ.

ಧಾರವಾಡದಲ್ಲಿ ಗುರುಗಳು ನನ್ನ ಕಥೆ ಪೂರ್ತಿ ಕೇಳಿ, "ಗೊತ್ತಿದ್ದೂ ಸಹಿ ಮಾಡೀಯಲ್ಲ" ಎಂದಷ್ಟೇ ಅಂದರು. ಆಮೇಲೆ ತಮ್ಮ ಫ್ರಿಜ್ಜಿನಿಂದ ಕಾಲು ಹಿಡಿಯುವ ಪ್ರೋಟೀನು ತೆಗೆದುಕೊಟ್ಟರು. ಅದನ್ನು ತಟ್ಟೆಗೆ ಬಳಿದು, ಅದರ ಮೇಲೆ ಅದೇ ಪ್ರತಿಕಾಯ ನಿಲ್ಲಿಸಿದೆ. ಈ ಸಲ ವಿಷವಿಲ್ಲದ ದ್ರಾವಣವನ್ನೂ, ವಿಷ ಅಳೆದು ಹಾಕಿದ್ದನ್ನೂ, ಬೂಷ್ಟು ಹಿಡಿದ ಕಾಯಿಯನ್ನೂ, ಚಿಗವ್ವನ ಕಾಯಿಯನ್ನೂ ಅಕ್ಕಪಕ್ಕ ಹಾಕಿದೆ. ದ್ರಾವಣ ಗಾಢ ಹಳದಿ. ಬೂಷ್ಟಿನ ಕಾಯಿ ಪೇಲವ. ಚಿಗವ್ವನ ಕಾಯಿ ದ್ರಾವಣದಷ್ಟೇ ಹಳದಿ. ಮತ್ತೊಮ್ಮೆ ಮಾಡಿದೆ, ಅದೇ ಬಂತು. ಖುಷಿಯಾಗಬೇಕಿತ್ತು. ಆ ಹಳದಿ ನೋಡುತ್ತ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಇಷ್ಟು ಸುಲಭವಿತ್ತು. ಒಂದು ಪದರ ಮೊದಲೇ ಬಳಿದಿದ್ದರೆ, ಅಥವಾ ಒಂದೇ ಒಂದು ಗುಳಿಯನ್ನು ಹೋಲಿಕೆಗೆ ಬಿಟ್ಟಿದ್ದರೆ, ಆ ಹೆಂಗಸು ಯಾರ ಕಾಲನ್ನೂ ಹಿಡಿಯಬೇಕಿರಲಿಲ್ಲ.

ನೇರ ಬ್ಯಾಡಗಿಗೆ ಹೋಗಿ ಚಿಗವ್ವನಿಗೆ ಹೇಳಿದೆ. ಮೆಣಸಿನಕಾಯಿಯಲ್ಲಿ ವಿಷವಿರಲಿಲ್ಲ, ಯಾರೂ ನೀರು ಹೊಡೆದಿಲ್ಲ, ತಪ್ಪು ನಮ್ಮ ತಟ್ಟೆಯದು, ಗೊತ್ತಿದ್ದೂ ಸಹಿ ಹಾಕಿದ್ದು ನಾನು ಎಂದೆ. ಅವಳು ಮೊರ ಕೆಳಗಿಟ್ಟಳು.

"ಹಂಗಾರ ನಾ ಆಕಿಗೆ ಅಂದದ್ದೆಲ್ಲಾ?"

ಅವಳು ನನ್ನನ್ನು ಬಾಯಿಗೆ ಬಂದ ಹಾಗೆ ಬೈದಳು. ಓದಿದ ಹುಡುಗಿಯೆಂದು ನಂಬಿದೆನಲ್ಲ ಎಂದು ಹಣೆ ಹಣೆ ಬಡಿದುಕೊಂಡಳು. ಬೈದು ಸಾಕಾದ ಮೇಲೆ ಕಣ್ಣೊರೆಸಿಕೊಂಡು, "ಬರದು ಕೊಡು. ಕಾಗದ ಒಯ್ದು ತೋರಸ್ತೇನಿ. ಕೈ ಮುಗದು ಕರಕೊಂಡು ಬರ್ತೇನಿ" ಎಂದಳು. ನನಗೂ ಅದೇ ಸರಿಯೆನಿಸಿತು. ಕಾಗದದಿಂದ ಆದ ಅನ್ಯಾಯ ಕಾಗದದಿಂದಲೇ ಸರಿಹೋಗುತ್ತದೆ ಎಂದು ನಂಬಿದ್ದೆ. ಬಿಳಿ ಹಾಳೆಯ ಮೇಲೆ ಎಲ್ಲವನ್ನೂ ಬಿಡಿಸಿ ಬರೆದು ಸಹಿ ಹಾಕಿದೆ. ಕಂಪನಿಗೂ ಒಂದು ಪ್ರತಿ ಕಳಿಸಿದೆ. ಆ ಹಂಗಾಮಿನ ಉಳಿದ ವರದಿಗಳನ್ನೂ ನಂಬಬೇಡಿ ಎಂದು ನನಗೆ ವಿಳಾಸ ಗೊತ್ತಿದ್ದವರಿಗೆಲ್ಲ ಬರೆದೆ. ಒಬ್ಬರೂ ತಿರುಗಿ ಬರೆಯಲಿಲ್ಲ. ವಾಪಸ್ ಬಂದ ಮಾಲನ್ನು ಶೆಡ್ಡಿನವರೂ ರೈತರೂ ಅಷ್ಟರಲ್ಲಿ ಏನು ಮಾಡಿದ್ದರೋ, ಕೇಳುವ ಧೈರ್ಯ ನನಗೂ ಆಗಲಿಲ್ಲ.

ಎರಡು ದಿನ ಬಿಟ್ಟು ನಾನು ಮತ್ತು ಚಿಗವ್ವ ರಾಣೆಬೆನ್ನೂರಿಗೆ ಬಂದು, ಅಲ್ಲಿಂದ ಕುಪ್ಪೇಲೂರಿನ ಬಸ್ಸು ಹಿಡಿದೆವು. ಚಿಗವ್ವ ಹೊಸ ಸೀರೆಯೊಂದನ್ನು, ಕುಬಸದ ಕಣವನ್ನು, ಮಕ್ಕಳಿಗೆ ಬೆಂಡುಬತ್ತಾಸು ಕಟ್ಟಿಕೊಂಡಿದ್ದಳು. ದಾರಿಯುದ್ದಕ್ಕೂ ಆ ಹಾಳೆಯನ್ನು ಮಡಿಚಿ ಕೈಚೀಲದಲ್ಲಿಟ್ಟು, ಆಗಾಗ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತಿದ್ದಳು.

ಹಿರಿಯಾಳು ಅಣ್ಣನ ಮನೆಯ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತ ಕುಳಿತಿದ್ದಳು. ನಮ್ಮನ್ನು ಕಂಡು ಎದ್ದಳು, ಸೆರಗು ಹೊದ್ದುಕೊಂಡಳು. "ಬರ್ರಿ ಅಕ್ಕಾರ, ಕುಂದ್ರಿ" ಎಂದು ಕಂಬಳಿ ಹಾಸಿದಳು. ಒಳಗೆ ಹೋಗಿ ನೀರು ತಂದಳು, ಬೆಲ್ಲ ತಂದಳು. ಅವಳ ಮುಖದಲ್ಲಿ ಸಿಟ್ಟಿನ ಗುರುತೇ ಇರಲಿಲ್ಲ, ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಚಿಗವ್ವ ಹಾಳೆ ತೆಗೆದು ಅವಳ ಮುಂದೆ ಹಿಡಿದಳು. "ನೀ ನೀರು ಹೊಡದಿಲ್ಲ. ನೋಡು, ಬರದು ಕೊಟ್ಟಾಳ. ಕಾಗದದಾಗ ಐತಿ."

"ನನಗ ಓದಾಕ ಬರೂದಿಲ್ಲಲ್ರಿ," ಎಂದು ಅವಳು ನನ್ನ ಕಡೆ ತಿರುಗಿದಳು. "ನೀನ ಓದಿ ಹೇಳವಾ ತಂಗಿ."

ಓದಿದೆ. ಪ್ರತಿಕಾಯ, ತಟ್ಟೆ, ಹೋಲಿಕೆಯ ಗುಳಿ, ಒಂದನ್ನೂ ಬಿಡಲಿಲ್ಲ. ತಪ್ಪು ನನ್ನದು ಎನ್ನುವ ಸಾಲನ್ನು ಎರಡು ಸಲ ಓದಿದೆ. ಅವಳು ಕೈಯಲ್ಲಿದ್ದ ತೆನೆಯನ್ನು ತಿರುವುತ್ತ ಪೂರ್ತಿ ಕೇಳಿದಳು. ಮುಗಿದ ಮೇಲೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಉಳಿಯುತ್ತಿದ್ದೆ. ಅವಳು ನೋಡಿದ್ದು ಚಿಗವ್ವನನ್ನು.

"ಒಂದು ಕೇಳ್ತೇನ್ರಿ ಅಕ್ಕಾರ. ಈ ಕಾಗದ ಇರಲಿಲ್ಲಂದ್ರ ನೀವು ಇಲ್ಲಿತನ ಬರ್ತಿದ್ರೇನು?"

ಚಿಗವ್ವ ಸೀರೆ, ಕಣ ತೆಗೆದು ಆ ಹಾಳೆಯ ಜೊತೆ ಅವಳ ಮುಂದಿಟ್ಟಳು.

"ಹನ್ನೆರಡು ವರ್ಷ ನಿಮ್ಮ ಕಣ್ಣ ಮುಂದ ಕುಂತೇನಿ. ಅವತ್ತ ಮಕ್ಕಳಾಣಿ ಮಾಡಿ ಹೇಳಿದೆ, ನೀವು ಕಾಗದ ಹೇಳಿದ್ದು ಕೇಳಿದ್ರಿ. ಇವತ್ತೂ ಕಾಗದ ಹೇಳಿದ್ದ ಕೇಳಿ ಬಂದೀರಿ. ನಾ ಹೇಳಿದ್ದು ಯಾವತ್ತ ಕೇಳಿದ್ರಿ?"

"ತಪ್ಪಾತವಾ," ಎಂದಳು ಚಿಗವ್ವ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ತಪ್ಪಾತು. ಸಿಟ್ಟು ಬಿಡು, ನಡಿ ಹೋಗೂಣು."

ಅವಳು ಸೀರೆಯನ್ನೂ ಕಣವನ್ನೂ ಮುಟ್ಟದೆ, ಹಾಳೆಯನ್ನು ಮಾತ್ರ ಎತ್ತಿ, ಮೊದಲಿದ್ದ ಮಡಿಕೆಯಲ್ಲೇ ಮಡಿಚಿ ಚಿಗವ್ವನ ಕೈಗೆ ತಿರುಗಿ ಕೊಟ್ಟಳು.

"ಇದಿಲ್ಲದ ನೀವು ಬಂದಿದ್ರ ನಾ ಬರ್ತಿದ್ದೆರಿ ಅಕ್ಕಾರ," ಎಂದು ತೆನೆ ಬಿಡಿಸಲು ಕುಳಿತಳು.